ಮಳೆ ಹೊಳವಾದಾಗ ಮಕ್ಕಳಿಗೊಂದು ಕೆಲಸ

ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಶಾಲೆಗೆ ರಜೆ ಸಿಕ್ಕ ದಿನ, ಮಳೆ ನಿಂತು ಸ್ವಲ್ಪ ಹೊಳವಾದ ಕೂಡಲೇ ಮಕ್ಕಳನ್ನು ಹಿತ್ತಿಲಿಗೆ ಇಳಿಸಿ. ಎಲ್ಲವನ್ನೂ ತೋರಿಸಲು ಹೋಗಬೇಡಿ, ಒಂದೇ ಹೂ ಸಾಕು. ಕಾಶಿತುಂಬೆ ಇದ್ದರೆ ಬಲಿತ ಕಾಯಿಯನ್ನು ಬೆರಳ ತುದಿಯಿಂದ ಒತ್ತಲು ಹೇಳಿ. ಸಿಪ್ಪೆ ಚಟ್ಟನೆ ಸುರುಳಿ ಸುತ್ತಿ ಬೀಜ ಸಿಡಿಯುತ್ತದೆ. ಆಮೇಲೆ ನೀವು ಕರೆದರೂ ಅವರು ಒಳಗೆ ಬರುವುದಿಲ್ಲ!

ಉಡುಪಿ, ಮಣಿಪಾಲದ ಕಡೆ ಮುರಕಲ್ಲಿನ ಪಾದೆ (ಬಂಡೆಯ ಬಯಲು) ಹತ್ತಿರವಿದ್ದರೆ ಭೂತಗನ್ನಡಿ ಒಯ್ಯಿರಿ. ಒದ್ದೆ ನೆಲಕ್ಕೆ ಅಂಟಿಕೊಂಡಂತಿರುವ ಪುಟ್ಟ ಡ್ರೊಸೆರಾ ಎಂಬ ಕೀಟ ತಿನ್ನುವ ಗಿಡದ ಎಲೆಗಳ ಮೇಲೆ ಇಬ್ಬನಿಯಂಥ ಅಂಟು ಹನಿಗಳಿರುತ್ತವೆ. ಅದರಲ್ಲಿ ಸಿಕ್ಕಿಬಿದ್ದ ನುಸಿಯೂ ಕಾಣಬಹುದು. ಕೀಳುವುದು ಬೇಡ, ಅಲ್ಲೇ ಕುಳಿತು ಚಿತ್ರ ಬರೆಯಲಿ.

ಹೂ ಒಣಗಿಸುವ ಆಸೆಯಿದ್ದರೆ ಕೇಪಳ, ತುಂಬೆಯಂಥ ಚಿಕ್ಕವನ್ನು ಹಳೆಯ ಪತ್ರಿಕೆಯ ನಡುವೆ ಇಟ್ಟು ಭಾರ ಹೇರಿ. ನಮ್ಮೂರಿನ ತೇವಕ್ಕೆ ಬೂಸ್ಟು ಬಾರದಿರಬೇಕಾದರೆ ಕಾಗದವನ್ನು ದಿನವೂ ಬದಲಿಸಬೇಕು. ಬೇಲಿಯ ಮೇಲೆ ಹಬ್ಬುವ ಅಗ್ನಿಶಿಖೆ ಹಳದಿಯಿಂದ ಕೆಂಪಿಗೆ ತಿರುಗುವುದನ್ನು ದೂರದಿಂದಲೇ ನೋಡಲಿ. ಅದರ ಗಡ್ಡೆ ಬಲು ವಿಷ.