ಜನವರಿಯ ಚಳಿಯಲ್ಲಿ ವೇಕ್‌ಬೋಟ್ ಕೊಂಡ ನನ್ನ ಅನುಭವ

"ಕೊಡೆ ಮಳೆಗಾಲಕ್ಕೆ, ಬೋಟು ಬೇಸಿಗೆಗೆ. ಜನವರಿಯಲ್ಲಿ ಯಾರಾದ್ರೂ ಬೋಟು ತಗೊಳ್ತಾರಾ ಮಾರಾಯ?"

ಹೀಗೆ ಕೇಳಿದವನು ಅಮೆರಿಕದ ಶಾರ್ಲಟ್‌ನಲ್ಲಿ ನಮ್ಮ ಬೀದಿಯಲ್ಲೇ ಇರುವ ಗೆಳೆಯ. ನಾನು ಕೊಳ್ಳಲು ಹೊರಟಿದ್ದು ವೇಕ್‌ಬೋಟ್, ಹಿಂದೆ ದೊಡ್ಡ ಅಲೆ ಎಬ್ಬಿಸಿ ಅದರ ಮೇಲೆ ಬೋರ್ಡಿನಲ್ಲಿ ನಿಂತು ಆಡಲು ಮಾಡಿದ ಬೋಟು. ಅವನೊಬ್ಬನೇ ಅಲ್ಲ, ವಾರಾಂತ್ಯಕ್ಕೆ ಹತ್ತಿರದ ಲೇಕ್ ನಾರ್ಮನ್ ಸರೋವರಕ್ಕೆ ಬರುವ ನಮ್ಮ ಗುಂಪಿನಲ್ಲಿ ಒಬ್ಬರೂ ಒಪ್ಪಿರಲಿಲ್ಲ. ನವೆಂಬರ್‌ನಲ್ಲಿ ವ್ಯಾಪಾರ ಕುದುರಿಸುವುದು, ಜನವರಿಯಲ್ಲಿ ನೀರಿಗಿಳಿಸಿ ನೋಡುವುದು, ತಪ್ಪೆಲ್ಲ ಸರಿಯಾದ ಮೇಲೆ ಪೂರ್ತಿ ದುಡ್ಡು ಕೊಡುವುದು. ಇದು ನನ್ನ ಲೆಕ್ಕ. ಈಗ ಎರಡು ಸೀಸನ್ ಮುಗಿದಿದೆ. ಎಂಜಿನ್ ಓಡಿದ ಗಂಟೆ ಎಣಿಸುವ ಅವರ್ ಮೀಟರ್ 140 ದಾಟಿದೆ. ಸೀಸನ್ ನಡುವೆ ನನ್ನ ಬೋಟು ವರ್ಕ್‌ಶಾಪಿಗೆ ಹೋಗಿದ್ದು ಸೊನ್ನೆ ದಿನ. ಏಪ್ರಿಲ್‌ನಲ್ಲಿ ಶೋರೂಮಿನಿಂದ ಎಳೆದುಕೊಂಡು ಬಂದ ಇಬ್ಬರು ಗೆಳೆಯರ ಬೋಟುಗಳು ಒಂದು ಪಂಪಿಗಾಗಿ, ಒಂದು ಸೆನ್ಸರಿಗಾಗಿ ಜೂನ್ ಪೂರ್ತಿ ಡೀಲರ್ ಅಂಗಳದಲ್ಲಿ ನಿಂತಿದ್ದವು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ಸೋಲು. 2021ರಲ್ಲಿ ಹಳೇ ಬೋಟು ಕೊಂಡಿದ್ದೆ, 21 ಅಡಿಯದು, ಸುಮಾರು 34 ಸಾವಿರ ಡಾಲರ್ ಕೊಟ್ಟು. ನೋಡಲು ಚೆನ್ನಾಗಿತ್ತು, ಅಂಗಳದಲ್ಲಿ ಸ್ಟಾರ್ಟ್ ಮಾಡಿ ತೋರಿಸಿದರು. ನೀರಿಗಿಳಿಸಿ ನೋಡಲಿಲ್ಲ. ಮೂರನೇ ವಾರ ಎಂಜಿನ್ ಎಣ್ಣೆ ನೋಡುವ ಡಿಪ್‌ಸ್ಟಿಕ್ ಎಳೆದರೆ, ನೀರು ಬೆರೆತ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣ. ಹಿಂದಿನ ಮಾಲೀಕರು ಚಳಿಗಾಲಕ್ಕೆ ಮುಂಚೆ ಎಂಜಿನ್ ಬ್ಲಾಕಿನ ನೀರನ್ನು ಪೂರ್ತಿ ಬಸಿದಿರಲಿಲ್ಲ. ಒಳಗೇ ಮಂಜುಗಟ್ಟಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ರಿಪೇರಿಗೆ 9 ಸಾವಿರ ಹೋಯಿತು. ಮಾರಿದಾಗ ಇನ್ನೊಂದು 5 ಸಾವಿರ ಹೋಯಿತು. ಆವತ್ತೇ ನಿರ್ಧಾರ ಮಾಡಿದೆ: ಹಳೆಯದಾಗಲಿ ಹೊಸದಾಗಲಿ, ನೀರಿನಲ್ಲಿ ಒಂದೂವರೆ ಗಂಟೆ ಓಡಿಸದೆ ಚೆಕ್ ಬರೆಯಲ್ಲ.

ಈ ಮಾತು ಮೇ ತಿಂಗಳಲ್ಲಿ ಡೀಲರ್ ಹತ್ತಿರ ನಡೆಯಲ್ಲ. ಹಿಂದೆ ಹತ್ತು ಜನ ನಿಂತಿರುತ್ತಾರೆ, ಅಲ್ವಾ? 2023ರ ನವೆಂಬರ್‌ನಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ಕೋವಿಡ್ ಕಾಲದ ನೂಕುನುಗ್ಗಲು ಮುಗಿದಿತ್ತು, ಬಡ್ಡಿ ಏರಿತ್ತು, ಅಂಗಳದಲ್ಲಿ 2023ರ ಮಾಡೆಲ್ ಉಳಿದಿತ್ತು, 2024ರದ್ದು ಬಂದು ಇಳಿಯುತ್ತಿತ್ತು. 23 ಅಡಿಯ ವಿ-ಡ್ರೈವ್ ಬೋಟು (ಎಂಜಿನ್ ಹಿಂಭಾಗದಲ್ಲಿ ಇರುವಂಥದ್ದು), ಬೆಲೆಚೀಟಿಯಲ್ಲಿ 1.32 ಲಕ್ಷ ಡಾಲರ್. ಮೂರು ಸಲ ಎದ್ದು ಬಂದ ಮೇಲೆ 1.08 ಲಕ್ಷಕ್ಕೆ ಇಳಿಯಿತು, ಸಾಗಣೆ ಮತ್ತು ಪ್ರೆಪ್ (ಬೋಟನ್ನು ಸಜ್ಜು ಮಾಡಿಕೊಡುವ ಖರ್ಚು) ಎರಡೂ ಸೇರಿ. ಬೆಲೆ ಕೇಳುವಾಗ ಇವೆರಡನ್ನು ಸೇರಿಸಿಯೇ ಕೇಳಿ. ಇಲ್ಲದಿದ್ದರೆ ಕೊನೆಯ ಕಾಗದದಲ್ಲಿ 4-5 ಸಾವಿರ ಮೆಲ್ಲಗೆ ಬಂದು ಕೂರುತ್ತದೆ.

ಉಳಿದ ಮಾಡೆಲ್ ಅಂದರೆ ಬಣ್ಣ ನಮ್ಮ ಆಯ್ಕೆ ಅಲ್ಲ. ನಮ್ಮದಕ್ಕೆ ಗಿಳಿಹಸಿರು ಪಟ್ಟೆ. ನನ್ನಾಕೆಗೆ ಇವತ್ತಿಗೂ ಇಷ್ಟವಿಲ್ಲ, ಮಗಳಿಗೆ ಪ್ರಾಣ. ಬಣ್ಣ ಬಿಡಿ, ಎರಡು ವಿಷಯ ಮಾತ್ರ ಖಚಿತ ಮಾಡಿಕೊಳ್ಳಿ. ಹಿಂಭಾಗದಲ್ಲಿ ಕೆತ್ತಿರುವ ಹಲ್ (ಬೋಟಿನ ಒಡಲು) ನಂಬರಿನ ಕೊನೆಯ ಎರಡು ಅಂಕಿ ಮಾಡೆಲ್ ವರ್ಷ. ಅದರ ಹಿಂದಿನ ಅಕ್ಷರ ಮತ್ತು ಅಂಕಿ ಕಟ್ಟಿದ ತಿಂಗಳು, ವರ್ಷ. ಸೇಲ್ಸ್‌ನವರು ಏನೇ ಹೇಳಲಿ, ಬೋಟಿನ ಜಾತಕ ಅಲ್ಲೇ ಇದೆ. ಇನ್ನೊಂದು, ವಾರಂಟಿ ನಾವು ಕೊಂಡ ದಿನದಿಂದ ಶುರು ಅಂತ ಕಾಗದದಲ್ಲಿ ಬರೆಸಿಕೊಳ್ಳಿ. ನಾನು ಬರೆಸಿಕೊಂಡೆ. 2 ಸಾವಿರ ಡಾಲರ್ ಮುಂಗಡ ಕೊಟ್ಟೆ. ನೀರಿನ ಪರೀಕ್ಷೆಯಲ್ಲಿ ಸರಿ ಬರದಿದ್ದರೆ ವಾಪಸ್, ಅದನ್ನೂ ಬರೆಸಿದೆ.

ಸಹಿಯನ್ನು ಜನವರಿಗೆ ತಳ್ಳಿದ್ದಕ್ಕೆ ಇನ್ನೊಂದು ಕಾರಣ ಇದೆ. ನಮ್ಮ ರಾಜ್ಯ ನಾರ್ತ್ ಕ್ಯಾರೊಲೈನಾದಲ್ಲಿ ಜನವರಿ 1ರಂದು ಬೋಟು ಯಾರ ಹೆಸರಲ್ಲಿದೆಯೋ ಅವರೇ ಆ ವರ್ಷ ಕೌಂಟಿಗೆ (ಜಿಲ್ಲೆಗೆ) ಆಸ್ತಿ ತೆರಿಗೆ ಕಟ್ಟಬೇಕು. ಡಿಸೆಂಬರ್ 30ಕ್ಕೆ ಸಹಿ ಮಾಡಿದರೂ ವರ್ಷ ಪೂರ್ತಿಯ ತೆರಿಗೆ ನಮ್ಮ ಮೇಲೆ. ಹತ್ತು ದಿನ ಕಾದಿದ್ದಕ್ಕೆ 800 ಡಾಲರ್ ಹತ್ತಿರ ಉಳಿಯಿತು. ಮಾರಾಟ ತೆರಿಗೆ ಶೇಕಡಾ 3 ಆದರೂ ಬೋಟಿಗೆ 1,500 ಡಾಲರ್ ಮೇಲೆ ಹೋಗಲ್ಲ, ಅದೂ ನಮಗೆ ಅನುಕೂಲ.

ಪರೀಕ್ಷೆಯ ದಿನ ಬೆಳಗ್ಗೆ ಗಾಳಿ 40 ಡಿಗ್ರಿ ಫ್ಯಾರನ್‌ಹೀಟ್ ಚಿಲ್ಲರೆ, ನಮ್ಮೂರ ಲೆಕ್ಕದಲ್ಲಿ ಐದಾರು ಡಿಗ್ರಿ. ಬ್ಲೈತ್ ಲ್ಯಾಂಡಿಂಗ್ ರ‍್ಯಾಂಪಿನಲ್ಲಿ ನಮ್ಮನ್ನು ಬಿಟ್ಟರೆ ಇಬ್ಬರು ಮೀನು ಹಿಡಿಯುವವರು. "ಚಳಿಗೆ ನೀರು ಬಸಿದು ವಿಂಟರೈಸ್ ಮಾಡಿಟ್ಟಿದ್ದೇವೆ, ಮತ್ತೆ ಮಾಡಲು 400 ಡಾಲರ್ ಆಗುತ್ತದೆ" ಅಂದರು ಡೀಲರ್ ಕಡೆಯವರು. ವ್ಯಾಪಾರದಲ್ಲೇ ಸೇರಿಸಿ ಅಂದೆ, ಸೇರಿಸಿದರು. ಮೆಕ್ಯಾನಿಕ್ ಗ್ಲೌಸ್ ಹಾಕಿಕೊಂಡು ಜೊತೆಗೆ ಬಂದ. ಇದು ಮುಖ್ಯ. ಸೇಲ್ಸ್‌ನವರು ಒಬ್ಬರೇ ಬಂದರೆ ಸ್ಪೀಕರ್ ತೋರಿಸುತ್ತಾರೆ.

ಒಂದೂವರೆ ಗಂಟೆಯಲ್ಲಿ ನನ್ನ ನೋಟ್‌ಬುಕ್ಕಿನಲ್ಲಿ ಹನ್ನೊಂದು ಸಾಲು ಆಯಿತು. ಹೊಸ ಬೋಟಿನಲ್ಲಿ ಹನ್ನೊಂದಾ ಅಂತ ಗಾಬರಿ ಬೀಳಬೇಡಿ, ಎಲ್ಲ ಬ್ರ್ಯಾಂಡಿನಲ್ಲೂ ಇರುತ್ತದೆ. ಕೈಯಲ್ಲಿ ಕಟ್ಟುವ ವಸ್ತು ಇದು. ಬಲಗಡೆ ಬ್ಯಾಲಾಸ್ಟ್ ಟ್ಯಾಂಕು (ಅಲೆ ದೊಡ್ಡದಾಗಲು ತೂಕಕ್ಕೆ ನೀರು ತುಂಬುವುದು) ಪರದೆಯ ಮೇಲೆ ಶೇಕಡಾ 100 ತೋರಿಸುತ್ತಿತ್ತು, ಕೈ ಹಾಕಿದರೆ ನೀರಿನ ಬ್ಯಾಗು ಅರ್ಧ ಖಾಲಿ. ಹೋಸು ಬ್ಯಾಗಿನ ಕೆಳಗೆ ಮಡಚಿಕೊಂಡಿತ್ತು. ಬೋಟಿನ ತಳದಲ್ಲಿ (ಬಿಲ್ಜ್) ಸೇರುವ ನೀರನ್ನು ಹೊರಹಾಕುವ ಬಿಲ್ಜ್ ಪಂಪಿನ ಬಾಯಿಗೆ ಫ್ಯಾಕ್ಟರಿಯ ಫೈಬರ್ ಪುಡಿ ಮೆತ್ತಿತ್ತು. ನಾಲ್ಕು ಹೋಸ್ ಕ್ಲಾಂಪ್ ಬೆರಳಲ್ಲಿ ತಿರುಗಿಸಿದರೆ ತಿರುಗುತ್ತಿದ್ದವು. ಹಗ್ಗ ಕಟ್ಟುವ ಟವರಿನ ಒಂದು ಬೋಲ್ಟು ಕಿರುಗುಟ್ಟುತ್ತಿತ್ತು.

ದೊಡ್ಡದು ಪ್ರೊಪೆಲರ್ ತಿರುಗಿಸುವ ಶಾಫ್ಟಿನದು. 30 ಮೈಲಿ ವೇಗದಲ್ಲಿ ಕಾಲಡಿ ಸಣ್ಣ ನಡುಕ. "ಮೊದಲ ಸರ್ವಿಸಿನಲ್ಲಿ ನೋಡೋಣ" ಅಂದ ಮೆಕ್ಯಾನಿಕ್. ಇವತ್ತೇ ನೋಡೋಣ ಅಂತ ಡಾಕಿಗೆ ಕಟ್ಟಿಸಿದೆ. ನೀರಿನಲ್ಲಿ ಕೂತಾಗಲೇ ಹಲ್ ತನ್ನ ಆಕಾರಕ್ಕೆ ಬರುವುದು, ಟ್ರೇಲರ್ ಮೇಲೆ ಅಳೆದರೆ ಪ್ರಯೋಜನವಿಲ್ಲ. ಶಾಫ್ಟನ್ನು ಜೋಡಿಸುವ ಕಪ್ಲಿಂಗಿನ ಬೋಲ್ಟು ಸಡಿಲಿಸಿ ಎರಡು ಮುಖಗಳ ಮಧ್ಯೆ ಸಂದು ಅಳೆಯುವ ಫೀಲರ್ ಗೇಜ್ ತೂರಿಸಿದ. ಮೇಲ್ಗಡೆ ಗೇಜಿನ 3 ಸಾವಿರಾಂಶ ಇಂಚಿನ ಎಲೆ ಬಿಗಿಯಾಗಿ ಹಿಡಿಯಿತು. ಕೆಳಗಡೆ 8ರ ಎಲೆ ಸರಾಗವಾಗಿ ಒಳಗೆ ಹೋಯಿತು. ಇರಬೇಕಾದ ವ್ಯತ್ಯಾಸ 3ರೊಳಗೆ. ಅವನು ಗೇಜನ್ನು ಎರಡನೇ ಸಲ ತೂರಿಸಿ ನೋಡಿದ, ಗ್ಲೌಸ್ ತೆಗೆದ, ಮೂರನೇ ಸಲ ನೋಡಿದ. ಆಮೇಲೆ ತಾನೇ ನನ್ನ ನೋಟ್‌ಬುಕ್ ತೆಗೆದುಕೊಂಡು ಬರೆದ. ಹಾಗೇ 50 ಗಂಟೆ ಓಡಿಸಿದ್ದರೆ ಸೀಲು, ಬೇರಿಂಗು ಎಲ್ಲ ತಿಂದುಹಾಕುತ್ತಿತ್ತು.

ಜನವರಿ, ಫೆಬ್ರವರಿಯಲ್ಲಿ ವರ್ಕ್‌ಶಾಪಿನಲ್ಲಿ ಕೆಲಸ ಕಡಿಮೆ. ಹನ್ನೊಂದೂ ಮೂರು ವಾರದಲ್ಲಿ ಮುಗಿದವು. ಎರಡನೇ ಸಲ ನೀರಿಗಿಳಿಸಿ, ಎಲ್ಲಕ್ಕೂ ಟಿಕ್ ಹಾಕಿ, ಬಾಕಿ ಕೊಟ್ಟೆ. ಎರಡು ತಿಂಗಳ ಬಡ್ಡಿ ಸುಮ್ನೆ ಹೋಯಿತು ಅಂದರು ಗೆಳೆಯರು. ಶೇಕಡಾ 8ರ ಹತ್ತಿರ ಇತ್ತು ಬಡ್ಡಿ, ಎರಡು ತಿಂಗಳಿಗೆ 1,400 ಆಗಿರಬಹುದು. ಬೆಲೆಯಲ್ಲಿ ಉಳಿದ 24 ಸಾವಿರದ ಮುಂದೆ ಅದು ಯಾವ ಲೆಕ್ಕ?

ಬೋಟಿಗಿಂತ ಕಣ್ಣು ತೆರೆಸಿದ ಖರ್ಚು ಎಳೆಯುವ ಗಾಡಿಯದು. ಬ್ರೋಷರಿನಲ್ಲಿ ಬೋಟಿನ ಒಣ ತೂಕ ಸುಮಾರು 5,000 ಪೌಂಡ್. ಟ್ರೇಲರ್ 1,400. 50 ಗ್ಯಾಲನ್ ಪೆಟ್ರೋಲು 300. ಬೋರ್ಡು, ಹಗ್ಗ, ಲೈಫ್ ಜಾಕೆಟ್ಟು, ಐಸ್ ಪೆಟ್ಟಿಗೆ ಇನ್ನೊಂದು 300. ಏಳು ಸಾವಿರ ಆಯಿತು. ನಮ್ಮ ಎಸ್‌ಯುವಿ ಎಳೆಯುವುದು 5,000. ಅದನ್ನು 18 ಸಾವಿರಕ್ಕೆ ಕೊಟ್ಟು, 34 ಸಾವಿರದ ಸೆಕೆಂಡ್ ಹ್ಯಾಂಡ್ ಪಿಕಪ್ ತಂದೆ. ಈ 16 ಸಾವಿರ ನನ್ನ ಬಜೆಟ್ಟಿನಲ್ಲೇ ಇರಲಿಲ್ಲ. ನೀವು ಹಾಗೆ ಮಾಡಬೇಡಿ, ಮೊದಲು ಗಾಡಿಯ ತೂಕದ ಚೀಟಿ ನೋಡಿ.

ಪಿಕಪ್ ಬಂದ ಮೇಲೆ ಮನೆ ಮುಂದಿನ ಏರಿನಲ್ಲಿ ಟ್ರೇಲರ್ ರಿವರ್ಸ್ ಹೋಗಲೇ ಇಲ್ಲ. ಹಿಂದಕ್ಕೆ ಒತ್ತಿದಷ್ಟೂ ಟ್ರೇಲರಿನ ಬ್ರೇಕು ಹಿಡಿಯುತ್ತಿತ್ತು, ಕಾಂಕ್ರೀಟಿನ ಮೇಲೆ ಟೈರಿನ ಕಪ್ಪು ಗೆರೆ. ಇದು ಗಾಡಿಯ ಕಡೆಗೆ ಒತ್ತಿದಾಗ ತಾನೇ ಹಿಡಿಯುವ ಸರ್ಜ್ ಬ್ರೇಕು. ರಿವರ್ಸ್‌ನಲ್ಲಿ ಅದನ್ನು ಬಿಡಿಸಲು ರಿವರ್ಸ್ ಲೈಟಿನ ತಂತಿ ಬೇಕು. ನನ್ನ ಹತ್ತಿರ ಇದ್ದ ನಾಲ್ಕು ಪಿನ್ನಿನ ಅಡಾಪ್ಟರಿನಲ್ಲಿ ಅದು ಇಲ್ಲ. ಐದು ಪಿನ್ನಿನದು 25 ಡಾಲರ್. ಅರ್ಧ ದಿನ ಹೋಯಿತು ಅದನ್ನು ಕಂಡುಹಿಡಿಯಲು.

ಯುಗಾದಿ ದಿನ ಪೂಜೆ. ಜೋಡಿ ಆಕ್ಸಲ್, ಆದ್ದರಿಂದ ನಾಲ್ಕು ನಿಂಬೆಹಣ್ಣು. ನಮ್ಮೂರು ಸಾಗರದಿಂದ ಅಮ್ಮ ವಿಡಿಯೋ ಕಾಲಿನಲ್ಲಿ ನೋಡುತ್ತಾ ಕೂತಿದ್ದರು. "ನಮ್ಮ ಹೊಳೆಬಾಗಿಲಿನ ಲಾಂಚಿಗಿಂತ ಚಿಕ್ಕದಲ್ವೋ!" ಅಂದರು. ಲಿಂಗನಮಕ್ಕಿ ಹಿನ್ನೀರಿನಲ್ಲಿ ಲಾಂಚಿಗೆ ಕಾದು ಬೆಳೆದವನು ನಾನು. 2025ರಲ್ಲಿ ಅಲ್ಲಿ ಸೇತುವೆಯೂ ಆಯಿತು. ಲೇಕ್ ನಾರ್ಮನ್ ಕೂಡ ಹಿನ್ನೀರೇ, ಅಣೆಕಟ್ಟು ಲಿಂಗನಮಕ್ಕಿಯ ಹಾಗೆ 1960ರ ದಶಕದ್ದು. ಹಿನ್ನೀರು ಅಂದರೆ ಕೆಳಗೆ ಮುಳುಗಿದ ಗುಡ್ಡ ಇದೆ ಅಂತ ಅರ್ಥ. ಬ್ಯಾಲಾಸ್ಟ್ ತುಂಬಿದ ಬೋಟು ಆಳಕ್ಕೆ ಕೂರುತ್ತದೆ. 20 ಅಡಿಗಿಂತ ಕಡಿಮೆ ಆಳದಲ್ಲಿ ನಾನು ಸರ್ಫ್ ಮಾಡಿಸುವುದಿಲ್ಲ. ದಡದವರ ಡಾಕಿನಿಂದಲೂ 500 ಅಡಿ ದೂರ ಇರುತ್ತೇನೆ, ನಮ್ಮ ಅಲೆ ಅವರ ಬೋಟನ್ನು ಕುಟ್ಟುತ್ತದೆ.

ಹೊಸ ಎಂಜಿನ್ ಪಳಗಿಸುವ ಮೊದಲ ಹತ್ತು ಗಂಟೆ ಮಕ್ಕಳಿಗೆ ಬೇಸರ. ಬ್ಯಾಲಾಸ್ಟ್ ಇಲ್ಲ, ಒಂದೇ ವೇಗದಲ್ಲಿ ಓಡಿಸುವಂತಿಲ್ಲ, ಆರ್‌ಪಿಎಂ ಏರಿಸು, ಇಳಿಸು, ಪ್ರತಿ ಸಲ ಎಣ್ಣೆ ನೋಡು. ಇದನ್ನು ತಪ್ಪಿಸಬೇಡಿ. 25 ಗಂಟೆಯ ಸರ್ವಿಸಿಗೆ 700 ಕೇಳಿದರು. ಎಂಜಿನ್, ಟ್ರಾನ್ಸ್‌ಮಿಷನ್, ವಿ-ಡ್ರೈವ್, ಮೂರರ ಎಣ್ಣೆಯನ್ನೂ ನಾನೇ ಬದಲಾಯಿಸಿದೆ. 250ರಲ್ಲಿ ಆಯಿತು. ರಸೀದಿ, ಮೀಟರಿನ ಫೋಟೋ ಎಲ್ಲ ಇಟ್ಟಿದ್ದೇನೆ, ವಾರಂಟಿಗೆ ಬೇಕು.

ಮರೆತುಹೋಗುವ ಮುಂಚೆ ಮೊದಲ ವರ್ಷದ ಉಳಿದ ಖರ್ಚು: ಟ್ರೇಲರ್ ನಿಲ್ಲಿಸಲು 2 ಸಾವಿರ, ವಿಮೆ 1,100, 60 ಗಂಟೆಗೆ ಪೆಟ್ರೋಲು 1,500ರ ಹತ್ತಿರ, ಬೋರ್ಡು ಹಗ್ಗ ಜಾಕೆಟ್ಟಿಗೆ 2,800. ಪಿಕಪ್ ಬಿಟ್ಟು ಎಂಟು ಸಾವಿರ ಇಟ್ಟುಕೊಳ್ಳಿ.

ಇನ್ನು ಅಲೆ. ಫ್ಯಾಕ್ಟರಿ ಬ್ಯಾಲಾಸ್ಟ್ ಪೂರ್ತಿ ತುಂಬಿದರೂ ಅಲೆ ಗಿಡ್ಡ, ತುದಿ ನೊರೆ. ಸೀಸದ ಚೀಲ 50 ಪೌಂಡಿನದು, ಒಂದಕ್ಕೆ 120 ಡಾಲರ್. ದುಡ್ಡು ಸುರಿಯುವ ಮುಂಚೆ ಎಲ್ಲಿ ಎಷ್ಟು ಬೇಕು ಅಂತ ಗೊತ್ತಾಗಬೇಕಲ್ಲ? ಮನೆಯಲ್ಲಿ ಸೋನಾ ಮಸೂರಿಯ ಖಾಲಿ ಚೀಲಗಳಿದ್ದವು. 20 ಪೌಂಡ್ ಅಕ್ಕಿ ಹಿಡಿಯುವ ಚೀಲದಲ್ಲಿ ಮರಳು 40 ಪೌಂಡ್ ಹಿಡಿಯುತ್ತದೆ. ಹತ್ತು ಚೀಲ ಮಾಡಿ, ಹೊಲಿದು, ಎರಡು ಶನಿವಾರ ಜಾಗ ಬದಲಿಸಿ ಬದಲಿಸಿ ನೋಡಿದೆವು. ಮಗ ಹಿಂದೆ ಬೋರ್ಡಿನ ಮೇಲೆ, ಮಗಳು ಚೀಲ ಎಳೆಯಲು, ನಾನು ಸ್ಟಿಯರಿಂಗಿನಲ್ಲಿ 10.8 ಮೈಲಿಗೆ ಹಿಡಿದು. ಎರಡನೇ ಶನಿವಾರ ನೇಯ್ಗೆಯ ಸಂದಿನಿಂದ ಮರಳು ಸೋರಿ ಬಿಲ್ಜಿಗೆ ಇಳಿಯಿತು. ಪಂಪು ಕೆಟ್ಟಿತು, 60 ಡಾಲರ್, ಒಂದು ದಿನ ನೀರು ಬಿಟ್ಟು ತೊಳೆಯುವ ಕೆಲಸ. ಪ್ರಯೋಗ ಮಾಡುವವರು ಮರಳನ್ನು ಮೊದಲು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಆಮೇಲೆ ಚೀಲಕ್ಕೆ ಹಾಕಿ.

ಆದರೆ ಲೆಕ್ಕ ಸಿಕ್ಕಿತು. ಎಲ್ಲರೂ ತೂಕವನ್ನು ಹಿಂದಕ್ಕೇ ತುಂಬುತ್ತಾರೆ, ಅಲೆ ಎತ್ತರ ಆಗುತ್ತದೆ, ಉದ್ದ ಬರಲ್ಲ. ಮೂತಿಯಲ್ಲಿ ತೂಕ ಬೇಕು. ಎಷ್ಟು, ಯಾವ ಮೂಲೆಗೆ ಅನ್ನುವುದು ನನ್ನ ಹತ್ತಿರವೇ ಇರಲಿ, ಎರಡು ಶನಿವಾರದ ಬೆಲೆ ಅದು. ಬದಲಿಸಿ ಹಾಕಿರುವ ಎರಡನೇ ಪ್ರೊಪೆಲರಿನ ಪಿಚ್ (ರೆಕ್ಕೆಯ ಓರೆಯ ಅಳತೆ) ಕೂಡ ಹೇಳಲ್ಲ. ಆರು ಸೀಸದ ಚೀಲದಲ್ಲಿ ಕೆಲಸ ಆಯಿತು. ಪಕ್ಕದಲ್ಲಿ ಎರಡು ಲಕ್ಷ ಡಾಲರಿನ ಬೋಟು ಓಡಿಸುವವರು ಹೋದ ಆಗಸ್ಟ್‌ನಲ್ಲಿ ನಿಲ್ಲಿಸಿ ಕೇಳಿದರು, ಈ ಬೋಟಿನಿಂದ ಈ ಅಲೆ ಹೇಗೆ ಅಂತ. ಮಗ ಎಡಗಾಲು ಮುಂದಿಡುವವನು, ಎಡಗಡೆಯ ಅಲೆ ಅವನದು. ಹಗ್ಗ ಬೋಟಿನೊಳಗೆ ಎಸೆದು ಎಂಟು ನಿಮಿಷ ನಿಂತ. ಮೊಬೈಲಿನಲ್ಲಿ ಗಡಿಯಾರ ಹಿಡಿದವಳು ಅವನ ತಂಗಿ.

ಎಡಗಡೆ ಟ್ಯಾಂಕಿನ ಪಂಪು ಮಾತ್ರ ಆಗಾಗ ಗಾಳಿ ಹಿಡಿದು ನೀರು ಎಳೆಯುವುದಿಲ್ಲ. ಸ್ವಲ್ಪ ಹಿಂದಕ್ಕೆ ರಿವರ್ಸ್ ಹೋದರೆ ಗಾಳಿ ಬಿಡುತ್ತದೆ, ಮತ್ತೆ ಎಳೆಯುತ್ತದೆ. ಈ ಜನವರಿಯಲ್ಲಿ ಆ ಹೋಸಿಗೆ ಒಂದು ವೆಂಟ್ ಹಾಕಿಸಬೇಕು. ವರ್ಕ್‌ಶಾಪಿಗೆ ಆಗಲೇ ಹೇಳಿಟ್ಟಿದ್ದೇನೆ.