ಲಗ್ನಪತ್ರಿಕೆಯಲ್ಲಿ ಪಾಸ್‌ಪೋರ್ಟಿನ ಹೆಸರೇ ಇರಲಿ

ಹೊರದೇಶದಲ್ಲಿದ್ದು ಊರಲ್ಲಿ ಮದುವೆ ಇಟ್ಟುಕೊಂಡವರೇ, ಟಿಕೆಟ್ ತೆಗೆಯುವ ಮೊದಲು ಪುರೋಹಿತರನ್ನು ಕೇಳಿ. ಆಷಾಢ, ಧನುರ್ಮಾಸದಲ್ಲಿ ಸಾಮಾನ್ಯವಾಗಿ ಮುಹೂರ್ತ ಇಡುವುದಿಲ್ಲ. ಛತ್ರ, ಅಡುಗೆಯವರನ್ನು ಮನೆಯವರು ನೋಡಿಕೊಳ್ಳುತ್ತಾರೆ. ಕಾಗದಪತ್ರ ಮಾತ್ರ ನೀವೇ ನೋಡಿ.

ನನ್ನ ತಂಗಿಯ ಲಗ್ನಪತ್ರಿಕೆಯಲ್ಲಿ ‘ಚಿ.ಸೌ.’ ಮುಂದೆ ಮನೆಯಲ್ಲಿ ಕರೆಯುವ ಹೆಸರು ಅಚ್ಚಾಗಿತ್ತು, ಪಾಸ್‌ಪೋರ್ಟಲ್ಲಿ ಬೇರೆ. ಮದುವೆ ನೋಂದಣಿಗೆ ಪತ್ರಿಕೆಯೂ ಬೇಕಲ್ಲ! ಅಫಿಡವಿಟ್ಟಿಗೆ ಎರಡು ದಿನ ಓಡಾಡಿದೆವು. ವಿಮಾನಕ್ಕೆ ಉಳಿದಿದ್ದು ನಾಲ್ಕೇ ದಿನ, ಅಮ್ಮನಿಗೆ ಊಟವೇ ಸೇರಲಿಲ್ಲ. ಅದಕ್ಕೇ ಕರಡು ಬಂದಾಗಲೇ ಅಕ್ಷರ ಅಕ್ಷರ ತಾಳೆ ನೋಡಿ.

ಹಿಂದೂ ವಿವಾಹ ನೋಂದಣಿಗೆ 2024ರಿಂದ ಕರ್ನಾಟಕದ ನೋಂದಣಿ ಇಲಾಖೆಯ ವೆಬ್‌ಸೈಟ್ ಕಾವೇರಿ 2.0ರಲ್ಲೇ ಅರ್ಜಿ ಹಾಕಬಹುದು. ಅದಕ್ಕೆ ಧಾರೆ, ಮಾಂಗಲ್ಯಧಾರಣೆಯ ಒಂದೆರಡು ಫೋಟೊ ಅವತ್ತೇ ಇಸ್ಕೊಳ್ಳಿ, ಆಲ್ಬಮ್ಮಿಗೆ ಕಾಯಬೇಡಿ. ಗಂಡ ಅಥವಾ ಹೆಂಡತಿಯ ವೀಸಾಕ್ಕೆ ಆ ನೋಂದಣಿಯ ಪ್ರಮಾಣಪತ್ರ ಬೇಕಾಗುತ್ತದೆ.