ಮಿಸರಿ ಜೇನು ಹುಡುಕುವುದು ಹೇಗೆ?

ಮಿಸರಿ, ಅಂದರೆ ಚುಚ್ಚದ ಪುಟ್ಟ ಜೇನುಹುಳದ ತುಪ್ಪ, ಹುಡುಕಿಕೊಂಡು ನೆಂಟರು ಶಿರಸಿಗೆ ಬಂದರೆ ಜೇನುತುಪ್ಪದ ಅಂಗಡಿಗೆ ನಾನೂ ಜೊತೆಗೆ ಹೋಗುತ್ತೇನೆ. ಎಲ್ಲರದ್ದೂ ಒಂದೇ ಪ್ರಶ್ನೆ: ‘ಇದು ಅಸಲಿ ಹೌದಾ?’ ಅಲ್ಲ ಎಂದು ಯಾವ ಅಂಗಡಿಯವರೂ ಹೇಳುವುದಿಲ್ಲ. ಹಾಗಾಗಿ ಈ ಪ್ರಶ್ನೆ ಬಿಟ್ಟುಬಿಡಿ.

ಏಪ್ರಿಲ್, ಮೇ ತಿಂಗಳಲ್ಲಿ ಹೋಗಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಸಹಕಾರಿ ಸಂಘಗಳ ಅಂಗಡಿಯಲ್ಲಿ ಮೊದಲು ವಿಚಾರಿಸಿ. ಹೆದ್ದಾರಿ ಬದಿಯ, ಊರು ಹೆಸರಿಲ್ಲದ ‘ಕಾಡು ಜೇನು’ ಬಾಟಲಿ ಬೇಡವೇ ಬೇಡ.

ಈಗ ಕೇಳುವ ಕೆಲಸ. ಎಲ್ಲರೂ ಎಡವುವುದು ಇಲ್ಲೇ. ‘ಯಾವ ಜೇನಿನದು?’ ಎಂದು ಶುರುಮಾಡಿ. ಪೆಟ್ಟಿಗೆಯಲ್ಲಿ ಸಾಕುವುದು ತುಡುವೆ. ಎತ್ತರದ ಮರದಲ್ಲಿ ದೊಡ್ಡ ತಟ್ಟಿ ಕಟ್ಟುವುದು ಹೆಜ್ಜೇನು. ಪೊದೆಯ ಕೊಂಬೆಗೆ ಅಂಗೈಯಷ್ಟು ತಟ್ಟಿ ಕಟ್ಟುವುದು ಕೋಲು ಜೇನು. ಗೋಡೆಯ ಬಿರುಕು, ಮರದ ಪೊಟರೆಯಲ್ಲಿ ಇರುವ, ಚುಚ್ಚದ ಪುಟ್ಟ ಹುಳ ಮಿಸರಿ. ಆಮೇಲೆ ‘ಯಾವ ತಿಂಗಳಲ್ಲಿ ತೆಗೆದದ್ದು?’ ಎನ್ನಿ. ಮಳೆಗಾಲದಲ್ಲಿ ಹೂವಿಲ್ಲ ಎಂದು ಪೆಟ್ಟಿಗೆಗೆ ಸಕ್ಕರೆ ಪಾಕ ಇಡುತ್ತಾರೆ. ಆಗ ತೆಗೆದ ತುಪ್ಪ ನಾನಂತೂ ಕೊಳ್ಳುವುದಿಲ್ಲ. ಯಾವ ಊರಿನ, ಯಾರ ಮನೆಯದು ಎಂದು ತಡವರಿಸದೆ ಹೇಳಿದರೆ ಅಲ್ಲೇ ನಿಲ್ಲಿ.

ಒಂದು ಹನಿ ಅಂಗೈಗೆ ಹಾಕಿಸಿಕೊಳ್ಳಿ. ಮಿಸರಿ ತೆಳು. ಮೊದಲು ಹುಳಿ, ಹಿಂದೆಯೇ ಸಿಹಿ, ಕೊನೆಗೆ ಚೂರು ಒಗರು. ‘ಹುಳಿ ಬಂದಿದೆ, ಹಾಳಾಗಿದೆ’ ಎಂದು ಒಳ್ಳೆಯ ಮಿಸರಿಯನ್ನು ವಾಪಸ್ ಕೊಟ್ಟವರನ್ನು ಕಣ್ಣಾರೆ ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ! ಇದರಲ್ಲಿ ನೀರಿನ ಅಂಶ ಬೇರೆ ಜೇನಿಗಿಂತ ಜಾಸ್ತಿ. ಹಾಗಾಗಿ ನೊರೆ ಬರುವುದೂ ಉಂಟು. ಅದು ಬೆರಕೆಯ ಗುರುತಲ್ಲ.

ಅಸಲಿಯೇ ಎಂದು ತಿಳಿಯಲು ನೀರಿಗೆ ಬಿಟ್ಟು ನೋಡುವುದು, ಬೆಂಕಿಕಡ್ಡಿ ಅದ್ದಿ ಗೀರುವುದು ಸುಮ್ನೆ. 2020ರಲ್ಲಿ ದೆಹಲಿಯ ಸಿಎಸ್‌ಇ (ವಿಜ್ಞಾನ ಮತ್ತು ಪರಿಸರ ಕೇಂದ್ರ) ಸಂಸ್ಥೆ ಸಕ್ಕರೆ ಪಾಕದ ಬೆರಕೆ ಇದೆಯೇ ಎಂದು 13 ಬ್ರ್ಯಾಂಡ್‌ಗಳ ಜೇನುತುಪ್ಪವನ್ನು ಪರೀಕ್ಷಿಸಿದಾಗ ಎಲ್ಲ ಪರೀಕ್ಷೆಯಲ್ಲೂ ಪಾಸಾದದ್ದು 3 ಮಾತ್ರ. ಪ್ರಯೋಗಾಲಯದ ಮಾಮೂಲಿ ಪರೀಕ್ಷೆಗೇ ಸಿಗದ ಪಾಕ ಬೆಂಕಿಕಡ್ಡಿಗೆ ಸಿಗುತ್ತದೆಯೇ?

ಮಿಸರಿಯನ್ನು 100 ಗ್ರಾಂಗಿಂತ ಜಾಸ್ತಿ ಕೊಳ್ಳಬೇಡಿ. ಗಾಜಿನ ಬಾಟಲಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ತುಡುವೆ ತುಪ್ಪ ಹರಳುಗಟ್ಟಿದರೆ ಒಲೆಗೆ ಇಡಬೇಡಿ, ಬೆಚ್ಚಗಿನ ನೀರಿನಲ್ಲಿ ಬಾಟಲಿ ನಿಲ್ಲಿಸಿದರೆ ಸಾಕು. ವರ್ಷ ತುಂಬದ ಮಗುವಿಗೆ ಯಾವ ಜೇನನ್ನೂ ನೆಕ್ಕಿಸಬೇಡಿ.

ಮಿಸರಿ ಸಿಗಲಿಲ್ಲವೇ? ಅಂಗಡಿಯವರಿಗೆ ಫೋನ್ ನಂಬರ್ ಕೊಟ್ಟು ಬನ್ನಿ. ಒಂದು ಗೂಡಿಗೆ ವರ್ಷಕ್ಕೆ ಒಂದು ಕಿಲೋ ಸಿಕ್ಕಿದರೆ ಅದೇ ಹೆಚ್ಚು. ಬಂದದ್ದು ಕಪಾಟಿಗೆ ಏರುವ ಮೊದಲೇ ಹೇಳಿಟ್ಟವರ ಮನೆ ಸೇರುತ್ತದೆ.